ಶಾಲೆ ಯಾವ ಸರ್ಕಾರದ್ದು?



ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು, ವಕೀಲನಲ್ಲ. ಆದರೂ ಸಂವಿಧಾನದ ಬಗ್ಗೆ ನಾಲ್ಕು ಮಾತು ಆಡುತ್ತೇನೆ. ಅದಕ್ಕೆ ಕಾರಣವಿದೆ.

ನಾನು ಇಲ್ಲಿ ಹತ್ತನೇ ತರಗತಿಯಲ್ಲಿದ್ದಾಗ ಗಣಿತದ ಮೇಷ್ಟ್ರಿಗೆ ವರ್ಗವಾಯಿತು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ನಮ್ಮಪ್ಪ ಮತ್ತು ಊರಿನ ನಾಲ್ವರು ಅರ್ಜಿ ಹಿಡಿದು ಒಂದು ಕಚೇರಿಗೆ ಹೋದರು. ‘ಇದು ನಮಗೆ ಬರಲ್ಲ’ ಎಂದರು. ಇನ್ನೊಂದು ಕಚೇರಿಯಲ್ಲೂ ಅದೇ ಮಾತು. ಸರಿಯಾದ ಬಾಗಿಲು ಸಿಗುವಷ್ಟರಲ್ಲಿ ಪರೀಕ್ಷೆ ಬಂದಿತ್ತು. ವಿಜ್ಞಾನದ ಮೇಷ್ಟ್ರು ಬೆಳಿಗ್ಗೆ ಎಂಟಕ್ಕೇ ಬಂದು ಗಣಿತ ಹೇಳಿಕೊಡದಿದ್ದರೆ ನಾನು ಇಂಜಿನಿಯರ್ ಆಗುತ್ತಿರಲಿಲ್ಲ.

ಆ ಬಾಗಿಲು ಯಾವುದು ಎಂಬುದಕ್ಕೆ ಸಂವಿಧಾನದ ಏಳನೇ ಅನುಸೂಚಿ ನೋಡಬೇಕು. ಅಲ್ಲಿ ಮೂರು ಪಟ್ಟಿಗಳಿವೆ. ರಕ್ಷಣೆ, ರೈಲು, ಅಂಚೆ ಕೇಂದ್ರ ಪಟ್ಟಿಯಲ್ಲಿ. ಪೊಲೀಸ್, ಕೃಷಿ, ಸಾರ್ವಜನಿಕ ಆರೋಗ್ಯ ರಾಜ್ಯ ಪಟ್ಟಿಯಲ್ಲಿ. ಇಬ್ಬರೂ ಕಾನೂನು ಮಾಡಬಹುದಾದವು ಸಮವರ್ತಿ ಪಟ್ಟಿಯಲ್ಲಿ. ಶಿಕ್ಷಣ ಮೊದಲು ಬಹುಮಟ್ಟಿಗೆ ರಾಜ್ಯದ್ದೇ ಆಗಿತ್ತು. ನಮ್ಮ ಶಾಲೆ ಶುರುವಾದ 1976ರಲ್ಲೇ, ತುರ್ತು ಪರಿಸ್ಥಿತಿಯ ಕಾಲದಲ್ಲಿ, 42ನೇ ತಿದ್ದುಪಡಿ ಅದನ್ನು ಸಮವರ್ತಿ ಪಟ್ಟಿಗೆ ಸೇರಿಸಿತು. ಅರಣ್ಯವೂ ಜೊತೆಗೆ ಹೋಯಿತು. ಈ ಪಟ್ಟಿಯ ವಿಷಯದಲ್ಲಿ ಎರಡು ಕಾನೂನುಗಳು ಪರಸ್ಪರ ವಿರುದ್ಧವಾದರೆ ಸಾಮಾನ್ಯವಾಗಿ ಕೇಂದ್ರದ್ದು ನಿಲ್ಲುತ್ತದೆ. ರಾಷ್ಟ್ರಪತಿಗಳ ಅಂಕಿತ ಪಡೆದ ರಾಜ್ಯದ ಕಾನೂನು ಮಾತ್ರ ಆ ರಾಜ್ಯದ ಮಟ್ಟಿಗೆ ನಡೆಯಬಹುದು.

ಇದರ ಪರಿಣಾಮವನ್ನು ನಮ್ಮ ಶಾಲೆಯ ಮಧ್ಯಾಹ್ನದ ಊಟದ ಸಾಲಿನಲ್ಲೇ ಕಾಣಬಹುದು. ಎಂಟನೇ ತರಗತಿಯ ಮಗು, ಒಂಬತ್ತನೇ ತರಗತಿಯ ಮಗು ಪಕ್ಕಪಕ್ಕ ಕೂರುತ್ತವೆ. ಅದೇ ಅನ್ನ, ಅದೇ ಸಾರು. ಎಂಟನೆಯ ಮಗುವಿನ ಅಡುಗೆ ಖರ್ಚಿನಲ್ಲಿ ಕೇಂದ್ರದ್ದು 60 ಪಾಲು, ರಾಜ್ಯದ್ದು 40. ಒಂಬತ್ತು, ಹತ್ತನೆಯವರ ಊಟ ರಾಜ್ಯದ ಖರ್ಚು. ಕೇಂದ್ರದ ಯೋಜನೆ ಎಂಟಕ್ಕೆ ನಿಲ್ಲುತ್ತದೆ.

ಊಟ ಹಾಗಿರಲಿ, ಹಕ್ಕೂ ಅಲ್ಲೇ ನಿಲ್ಲುತ್ತದೆ. 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ, ಎಂಟನೇ ತರಗತಿಯವರೆಗೆ. ನನ್ನ ಜೊತೆ ಓದಿದ ಇಬ್ಬರು ಹುಡುಗಿಯರು ಎಂಟು ಮುಗಿಸಿ ಶಾಲೆ ಬಿಟ್ಟರು. ಇಂದು ಅಂಥ ಹುಡುಗಿ ಒಂಬತ್ತಕ್ಕೆ ಬರದಿದ್ದರೆ ಆ ಕಾಯ್ದೆ ಅವಳ ಕೈಹಿಡಿಯುವುದಿಲ್ಲ. ನಾವೇ ಅವಳ ಮನೆಗೆ ಹೋಗಬೇಕು.

ನಮ್ಮ ಕೆಲಸದಲ್ಲಿ ಒಂದೇ ಫೈಲನ್ನು ಇಬ್ಬರು ತಿದ್ದುವಂತಿದ್ದರೆ, ತಪ್ಪಾದಾಗ ಇಬ್ಬರೂ ‘ನಾನಲ್ಲ’ ಎನ್ನುತ್ತಾರೆ. ಯಾರು ಏನು ತಿದ್ದಿದರೆಂದು ನೋಡುವವರಿದ್ದರೆ ಮಾತ್ರ ಕೆಲಸ ಸಾಗುತ್ತದೆ. ಸರ್ಕಾರಗಳ ವಿಷಯದಲ್ಲಿ ಹಾಗೆ ನೋಡಬೇಕಾದವರು ನಾವು.

ಆದ್ದರಿಂದ ನೆನಪಿಡಿ. ಮೇಷ್ಟ್ರು ಇಲ್ಲವೆಂದರೆ ಅದು ರಾಜ್ಯದ ಶಿಕ್ಷಣ ಇಲಾಖೆಯ ಕೆಲಸ. ಅರ್ಜಿ ಬಿಇಓ ಅವರಿಗೆ ಕೊಡಿ, ಪ್ರತಿಯನ್ನು ಶಾಸಕರಿಗೆ ಕಳಿಸಿ, ಸ್ವೀಕೃತಿ ಪಡೆಯಿರಿ. ಶಿಕ್ಷಣದ ಹಕ್ಕು ಹತ್ತನೇ ತರಗತಿಯವರೆಗೆ ಬೇಕೆಂದರೆ ಶಾಸಕರನ್ನೂ ಕೇಳಿ, ಸಂಸದರನ್ನೂ ಕೇಳಿ. ಸಮವರ್ತಿ ಪಟ್ಟಿ ಎಂದರೆ ಇಬ್ಬರೂ ನುಣುಚಿಕೊಳ್ಳಬಹುದು ಎಂದಲ್ಲ, ಇಬ್ಬರನ್ನೂ ಕೇಳಬಹುದು ಎಂದು.

ಅಂದು ಬೆಳಿಗ್ಗೆ ಎಂಟಕ್ಕೆ ಬರುತ್ತಿದ್ದ ಮೇಷ್ಟ್ರು ಇಂದು ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಸರ್, ನಿಮಗೆ ನನ್ನ ಶರಣು.  ಜೈ ಹಿಂದ್, ಜೈ ಕರ್ನಾಟಕ.