ವರದಿಯ ಅಂದ, ವರದಿಯ ಸತ್ಯ
(ಸಂಘದ ಕಂಪ್ಯೂಟರ್ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ನನಗೆ ಕೊಟ್ಟಿರುವ ವಿಷಯ ಕೇಳಲು ಸ್ವಲ್ಪ ಒಣ ವಿಷಯ. ಕಂಪ್ಯೂಟರಿನಲ್ಲಿ ರಿಪೋರ್ಟ್ ತಯಾರಿಸುವಾಗ ಅದರೊಳಗಿನ ಒಂದೊಂದು ವಸ್ತುವಿನ ಪ್ರಾಪರ್ಟಿಗಳನ್ನು ಹೇಗೆ ಹೊಂದಿಸಬೇಕು ಎಂಬುದು. ಪ್ರಾಪರ್ಟಿ ಎಂದ ಕೂಡಲೇ ಹಿರಿಯರಿಗೆ ಹೊಲ, ಮನೆ ನೆನಪಾಗಬಹುದು. ಇಲ್ಲಿ ಅದರ ಅರ್ಥ ಗುಣಲಕ್ಷಣ ಎಂದಷ್ಟೇ. ಅಗಲ ಎಷ್ಟು, ಅಕ್ಷರ ಯಾವುದು, ದಶಮಾಂಶ ಎಷ್ಟು, ಕಾಣಬೇಕೋ ಬೇಡವೋ, ಇಂಥವು.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಗಾಗಿ ವಿದ್ಯಾರ್ಥಿವೇತನದ ಪಟ್ಟಿಯನ್ನು ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ ತಯಾರಿಸಿಕೊಟ್ಟಿದ್ದೆ. ಶೇಕಡಾ 60 ಅಂಕ ಪಡೆದವರಿಗೆ ಸಹಾಯ ಎಂಬುದು ನಿಯಮ. ಅರ್ಜಿ ಹಾಕಿದ ಎಲ್ಲರ ಹೆಸರು, ಅಂಕ, ಆಯ್ಕೆಯಾಯಿತೋ ಇಲ್ಲವೋ ಎಂಬುದೆಲ್ಲ ಆ ಪಟ್ಟಿಯಲ್ಲಿತ್ತು. ನೋಡಲು ಚೆನ್ನಾಗಿರಲಿ ಎಂದು ಅಂಕದ ಕಾಲಮಿನಲ್ಲಿ ಫಾರ್ಮ್ಯಾಟ್ ಅನ್ನು ಫಿಕ್ಸ್‌ಡ್ ಎಂದೂ, ಡೆಸಿಮಲ್ ಪ್ಲೇಸಸ್ ಅನ್ನು 0 ಎಂದೂ ಇಟ್ಟೆ. ಪಟ್ಟಿಯನ್ನು ನೋಟೀಸ್ ಬೋರ್ಡಿಗೆ ಹಚ್ಚಿದರು.

ಮರುದಿನ ಒಬ್ಬ ತಾಯಿ ಮಗಳ ಜೊತೆ ಬಂದರು. "ಸಾರ್, ನಿಮ್ಮ ಪಟ್ಟಿಯಲ್ಲೇ ಇವಳಿಗೆ 60 ಅಂತ ಇದೆ. 60 ಇದ್ದರೆ ಕೊಡುತ್ತೇವೆ ಅಂತ ನೀವೇ ಬರೆದಿದ್ದೀರಿ. ಮತ್ತೆ ಯಾಕೆ ಇಲ್ಲ?" ಎಂದು ಕೇಳಿದರು. ನಾನು ಕಂಪ್ಯೂಟರ್ ತೆರೆದು ನೋಡಿದೆ. ಟೇಬಲಿನಲ್ಲಿದ್ದದ್ದು 59.6. ಆಯ್ಕೆ ಮಾಡಿದ ಲೆಕ್ಕ ಸರಿಯಾಗಿಯೇ ಇತ್ತು. ಕಾಗದದ ಮೇಲೆ ಮಾತ್ರ ಅದು 60 ಆಗಿ ಬಂದಿತ್ತು. ಇದನ್ನೆಲ್ಲ ವಿವರಿಸಿದಾಗ ಆಕೆ ಸುಮ್ಮನೆ ಕೇಳಿಸಿಕೊಂಡು, "ಹಾಗಾದರೆ ಹೀಗೆ ಯಾಕೆ ಬರೆದಿರಿ?" ಎಂದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಪಟ್ಟಿಯನ್ನು ತೆಗೆಸಿ ಹೊಸದನ್ನು ಹಚ್ಚಿಸಿದೆವು. ಆದರೆ ಒಂದು ರಾತ್ರಿ ಆ ಮನೆಯಲ್ಲಿ ಹುಟ್ಟಿದ ಆಸೆಯನ್ನು ಯಾವ ಹೊಸ ಪಟ್ಟಿ ಸರಿಪಡಿಸೀತು?

ಮಿತ್ರರೇ, ಇಂದಿನ ಪಾಠವೆಲ್ಲ ಇದರಲ್ಲೇ ಇದೆ. ಫಾರ್ಮ್ಯಾಟ್ ಪ್ರಾಪರ್ಟಿ ಬದಲಿಸುವುದು ನೋಟವನ್ನು ಮಾತ್ರ. ಒಳಗಿರುವ ಮೌಲ್ಯ ಹಾಗೆಯೇ ಇರುತ್ತದೆ. 33.4 ಅನ್ನು ಮೂರು ಸಲ ಕೂಡಿಸಿದರೆ 100.2. ದಶಮಾಂಶ ತೆಗೆದು ಮುದ್ರಿಸಿದರೆ ಮೂರು 33, ಕೆಳಗೆ ಮೊತ್ತ 100! ಓದುವವರು ಕೂಡಿಸಿದರೆ 99. ಲೆಕ್ಕ ಸರಿಯಿದ್ದರೂ ಲೆಕ್ಕ ಬರೆದವನ ಮೇಲೆ ಸಂಶಯ.

ಇನ್ನು ಪ್ರಾಪರ್ಟಿಗಳು ಎಲ್ಲಿವೆ ನೋಡೋಣ. ರಿಪೋರ್ಟನ್ನು ಡಿಸೈನ್ ವ್ಯೂನಲ್ಲಿ ತೆರೆಯಿರಿ. ಬೇಕಾದ ಪೆಟ್ಟಿಗೆಯ ಮೇಲೆ ಕ್ಲಿಕ್ ಮಾಡಿ ಎಫ್4 ಒತ್ತಿ. ಪ್ರಾಪರ್ಟಿ ಶೀಟ್ ತೆರೆಯುತ್ತದೆ. ಫಾರ್ಮ್ಯಾಟ್, ಡೇಟಾ, ಈವೆಂಟ್, ಅದರ್, ಆಲ್ ಎಂಬ ಐದು ವಿಭಾಗಗಳಿರುತ್ತವೆ. ಹೊಸಬರು ಮೊದಲೆರಡನ್ನು ಚೆನ್ನಾಗಿ ಕಲಿತರೆ ಸಾಕು.

ಅಗಲದಿಂದ ಆರಂಭಿಸೋಣ. ನಮ್ಮ ಹೆಸರುಗಳು ಉದ್ದ. ಪೆಟ್ಟಿಗೆ ಚಿಕ್ಕದಾದರೆ ಹೆಸರಿನ ಕೊನೆ ಕತ್ತರಿಸಿಹೋಗುತ್ತದೆ. ಮುಹಮ್ಮದ್ ಎಂದು ಆರಂಭವಾಗುವ ನಾಲ್ಕು ಹೆಸರಿದ್ದರೆ ನಾಲ್ಕೂ ಒಂದೇ ಹುಡುಗನಂತೆ ಕಾಣಬಹುದು. ಇದಕ್ಕೆ ಕ್ಯಾನ್ ಗ್ರೋ ಎಂಬ ಪ್ರಾಪರ್ಟಿಯನ್ನು ಯೆಸ್ ಮಾಡಿ. ಆಗ ಹೆಸರು ಎರಡನೇ ಸಾಲಿಗೆ ಇಳಿಯುತ್ತದೆ. ನೆನಪಿಡಿ, ಪೆಟ್ಟಿಗೆ ಕೆಳಕ್ಕೆ ಬೆಳೆಯುತ್ತದೆಯೇ ಹೊರತು ಅಗಲಕ್ಕೆ ಬೆಳೆಯುವುದಿಲ್ಲ.

ಹಣದ ಅಂಕಿಯ ವಿಷಯ ಇದಕ್ಕಿಂತ ಗಂಭೀರ. ಕಾಲಂ ಸಾಲದಿದ್ದರೆ ಕೆಲವು ಅಂಕಿಗಳೇ ಮರೆಯಾಗಿ, ದೊಡ್ಡ ಮೊತ್ತ ಚಿಕ್ಕದಾಗಿ ಕಾಣಬಹುದು. ಈಚಿನ ಆಕ್ಸೆಸ್‌ನ ಆಪ್ಷನ್ಸ್‌ನಲ್ಲಿ, ಕತ್ತರಿಸಿದ ಅಂಕಿಗಳನ್ನು ಪರೀಕ್ಷಿಸು ಎಂಬ ಅರ್ಥದ ಒಂದು ಆಯ್ಕೆಯಿದೆ. ಅದನ್ನು ಗುರುತು ಮಾಡಿದರೆ ಜಾಗ ಸಾಲದ ಕಡೆ ##### ಎಂದು ಬರುತ್ತದೆ. ನೋಡಲು ಅಸಹ್ಯ, ಆದರೆ ಸುಳ್ಳು ಹೇಳುವುದಿಲ್ಲ.

ಹೈಡ್ ಡೂಪ್ಲಿಕೇಟ್ಸ್ ಎಂಬುದು ಬಹಳ ಅನುಕೂಲದ ಪ್ರಾಪರ್ಟಿ. ಒಂದೇ ಊರಿನ ಹತ್ತು ವಿದ್ಯಾರ್ಥಿಗಳಿದ್ದರೆ ಊರಿನ ಹೆಸರು ಒಮ್ಮೆ ಮಾತ್ರ ಮುದ್ರಣವಾಗುತ್ತದೆ. ಅದನ್ನೇ ಮೊತ್ತದ ಕಾಲಮಿಗೆ ಹಾಕಿದಿರೋ, ಕೆಟ್ಟಿತು! ಮೇಲಿನವನಿಗೆ 3000, ಕೆಳಗಿನವನಿಗೂ 3000 ಇದ್ದರೆ ಕೆಳಗಿನವನ ಜಾಗ ಖಾಲಿ. ತನಗೆ ಏನೂ ಸಿಗಲಿಲ್ಲ ಎಂದು ಆ ಹುಡುಗ ಮನೆಗೆ ಹೋಗುತ್ತಾನೆ.

ವಿಸಿಬಲ್ ಅನ್ನು ನೋ ಮಾಡಿದರೆ ವಸ್ತು ಕಾಣುವುದಿಲ್ಲ. ಆದರೆ ಕಾಣದ ಸಾಲಿನ ಮೊತ್ತವೂ ಕೆಳಗಿನ ಕೂಡುಲೆಕ್ಕದಲ್ಲಿ ಸೇರಿಯೇ ಇರುತ್ತದೆ. ಯಾರನ್ನಾದರೂ ಲೆಕ್ಕದಿಂದ ಬಿಡಬೇಕಾದರೆ ಕ್ವೆರಿಯಲ್ಲೇ ಬಿಡಿ, ರಿಪೋರ್ಟಿನಲ್ಲಿ ಮುಚ್ಚಿಡಬೇಡಿ.

ಕ್ರಮಸಂಖ್ಯೆಯನ್ನು ಕೈಯಲ್ಲಿ ಟೈಪ್ ಮಾಡುವ ಕಷ್ಟವೂ ಬೇಡ. ಒಂದು ಪೆಟ್ಟಿಗೆಯ ಕಂಟ್ರೋಲ್ ಸೋರ್ಸ್‌ನಲ್ಲಿ =1 ಎಂದು ಬರೆದು, ರನ್ನಿಂಗ್ ಸಮ್ ಅನ್ನು ಓವರ್ ಆಲ್ ಮಾಡಿ. 1, 2, 3 ತಾನಾಗಿ ಬರುತ್ತದೆ. ಓವರ್ ಗ್ರೂಪ್ ಮಾಡಿದರೆ ಪ್ರತಿ ಊರಿಗೂ 1ರಿಂದ ಆರಂಭ.

ಕನ್ನಡದಲ್ಲಿ ವರದಿ ಮಾಡುವವರಿಗೆ ಒಂದು ಮಾತು. ನುಡಿ, ಬರಹಗಳ ಹಳೆಯ ಫಾಂಟಿನಲ್ಲಿ ತುಂಬಿಸಿದ ಹೆಸರುಗಳು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಅಲ್ಲಿ ಫಾಂಟ್ ನೇಮ್ ಪ್ರಾಪರ್ಟಿ ತಪ್ಪಿದರೆ ಪಟ್ಟಿಯೇ ಹೋಯಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲೇ ತುಂಗಾ ಎಂಬ ಯೂನಿಕೋಡ್ ಕನ್ನಡ ಫಾಂಟ್ ಬಂದಿತ್ತು. ಹೊಸ ಕೆಲಸವನ್ನೆಲ್ಲ ಯೂನಿಕೋಡಿನಲ್ಲೇ ಮಾಡಿ.

ಕ್ರಿಸ್ಟಲ್ ರಿಪೋರ್ಟ್ಸ್ ಬಳಸುವವರಿಗೆ ಹೆಸರುಗಳು ಬೇರೆ ಇರಬಹುದು. ಮರೆಮಾಡುವುದಕ್ಕೆ ಅಲ್ಲಿ ಸಪ್ರೆಸ್ ಎನ್ನುತ್ತಾರೆ. ಎಚ್ಚರಿಕೆ ಒಂದೇ.

ಕೊನೆಯದಾಗಿ, ಯಾವುದೇ ಪಟ್ಟಿಯನ್ನು ಬೋರ್ಡಿಗೆ ಹಚ್ಚುವ ಮುನ್ನ ನಾಲ್ಕು ಸಾಲು ಹುಡುಕಿ: ಅತಿ ಉದ್ದದ ಹೆಸರು, ಅತಿ ದೊಡ್ಡ ಮೊತ್ತ, ದಶಮಾಂಶವಿರುವ ಅಂಕ, ಖಾಲಿ ಕಾಣುವ ಜಾಗ. ಆ ನಾಲ್ಕನ್ನು ಮೂಲ ಟೇಬಲಿನೊಂದಿಗೆ ಹೋಲಿಸಿ. ಬಳಿಕ ಕಂಪ್ಯೂಟರ್ ಅರಿಯದ ಒಬ್ಬರ ಕೈಗೆ ಕಾಗದ ಕೊಟ್ಟು, "ಇದರಿಂದ ನಿಮಗೇನು ತಿಳಿಯಿತು?" ಎಂದು ಕೇಳಿ. ನೋಟೀಸ್ ಬೋರ್ಡಿನ ಮುಂದೆ ನಿಲ್ಲುವವರು ಟೇಬಲ್ ನೋಡುವುದಿಲ್ಲ, ಕ್ವೆರಿ ನೋಡುವುದಿಲ್ಲ. ಅವರಿಗೆ ಕಾಣುವುದು ನೀವು ಮುದ್ರಿಸಿದ ಕಾಗದ ಒಂದೇ. ಅದನ್ನು ನಂಬಿಯೇ ಅವರು ಮನೆಗೆ ಹೋಗುತ್ತಾರೆ.