ಉಪ್ಪಿನ ಲೆಕ್ಕ, ಒತ್ತಡದ ಲೆಕ್ಕ

(ಸಂಘದ ಮಾಸಿಕ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಬ್ಯಾಂಕಿನ ಗುಮಾಸ್ತರಾದ ನಮಗೆ ಆರೋಗ್ಯದ ಮಾತಾಡುವ ಅಧಿಕಾರವೇನೆಂದು ತಾವು ಕೇಳಬಹುದು. ಕೇಳುವುದು ನ್ಯಾಯವೇ. ನಾವು ವೈದ್ಯರಲ್ಲ, ಬಿ.ಕಾಂ. ಓದಿ ಜಮಾ ಖರ್ಚು ಬರೆಯುವವರು. ಆದರೆ ನಮ್ಮಿಂದ ಒಂದು ತಪ್ಪಾಗಿದೆ. ಅದನ್ನು ತಮ್ಮೆದುರು ಒಪ್ಪಿಕೊಂಡರೆ ನಾಲ್ಕು ಮನೆಗಳಿಗಾದರೂ ಉಪಯೋಗವಾದೀತೆಂದು ಇಲ್ಲಿ ನಿಂತಿದ್ದೇವೆ.

ಡೊಂಬಿವಲಿಯ ನಮ್ಮ ಮನೆಯಲ್ಲಿ ದೊಡ್ಡಪ್ಪನವರಿದ್ದಾರೆ. ಕೆಲವು ವರ್ಷಗಳ ಹಿಂದೆ ವೈದ್ಯರು ಅವರಿಗೆ ರಕ್ತದೊತ್ತಡ ಹೆಚ್ಚಾಗಿದೆಯೆಂದು ದಿನಕ್ಕೊಂದು ಗುಳಿಗೆ ಬರೆದುಕೊಟ್ಟರು. ಮೂರು ತಿಂಗಳು ಕಳೆಯಿತು. ತಲೆನೋವಿಲ್ಲ, ತಲೆಸುತ್ತಿಲ್ಲ, ಊಟ ನಿದ್ರೆ ಸೊಗಸಾಗಿ ನಡೆದಿತ್ತು. “ದೊಡ್ಡಪ್ಪಾ, ಎಲ್ಲ ನೆಟ್ಟಗಿರುವಾಗ ಗುಳಿಗೆ ಇನ್ನೇಕೆ? ಅಭ್ಯಾಸವಾಗಿಬಿಟ್ಟರೆ ಕಷ್ಟ” ಎಂದೆವು. “ಓದಿದವನು ನೀನು, ನೀನು ಹೇಳಿದ ಮೇಲೆ ಸರಿಯೇ” ಎಂದು ಅವರು ಬಿಟ್ಟುಬಿಟ್ಟರು. ಎಂಟು ತಿಂಗಳ ತರುವಾಯ ಒಂದು ಬೆಳಿಗ್ಗೆ ಕಾಫಿಯ ಲೋಟ ಅವರ ಬಲಗೈಯಿಂದ ಜಾರಿ ಬಿತ್ತು, ಮಾತು ತೊದಲಿತು. ಪಾರ್ಶ್ವವಾಯು! ಪ್ರಾಣ ಉಳಿಯಿತು. ಆದರೆ ಆ ಕೈ ಇಂದಿಗೂ ಅಂಗಿಯ ಗುಂಡಿ ಹಾಕಲಾರದು.

ಖಾತೆಯನ್ನು ನೋಡದೆ, ‘ಮನಸ್ಸು ಸಮಾಧಾನವಾಗಿದೆ, ಆದ್ದರಿಂದ ಹಣವಿರಲೇಬೇಕು’ ಎಂದು ಚೆಕ್ಕು ಬರೆಯುವವರುಂಟೆ? ನಾವು ಮಾಡಿದ್ದು ಅದನ್ನೇ. ರಕ್ತದೊತ್ತಡವು ಹೆಚ್ಚಿನವರಲ್ಲಿ ಯಾವ ಸೂಚನೆಯನ್ನೂ ಕೊಡದೆ ಏರುತ್ತದೆ. ಗುಳಿಗೆಯಿಂದ ಇಳಿದದ್ದು, ಗುಳಿಗೆ ಬಿಟ್ಟರೆ ಸದ್ದಿಲ್ಲದೆ ಮತ್ತೆ ಏರುತ್ತದೆ. ಅಳೆದೇ ತಿಳಿಯಬೇಕು.

ಅಳೆಯುವ ವಿದ್ಯೆ ಹೊಸದಲ್ಲ. ತೋಳಿಗೆ ಪಟ್ಟಿ ಕಟ್ಟಿ ಅಳೆಯುವ ಉಪಕರಣವನ್ನು ಇಟಲಿಯ ರಿವಾ-ರೊಚಿ 1896ರಲ್ಲಿ ಮಾಡಿದರು. ನಾಡಿಯ ಸದ್ದನ್ನು ಕೇಳಿ ಮೇಲಿನ ಅಂಕಿ, ಕೆಳಗಿನ ಅಂಕಿ ಎರಡನ್ನೂ ಗುರುತಿಸುವ ಕ್ರಮವನ್ನು ರಷ್ಯದ ಕೊರೊಟ್‌ಕಾಫ್ 1905ರಲ್ಲಿ ತಿಳಿಸಿದರು. ಬೇರೆ ಬೇರೆ ದಿನ ವೈದ್ಯರು ಅಳೆದಾಗ ಮೇಲಿನದು 140 ಅಥವಾ ಕೆಳಗಿನದು 90 ಮುಟ್ಟಿದರೆ, ಇಲ್ಲವೆ ದಾಟಿದರೆ, ಒತ್ತಡ ಹೆಚ್ಚೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಲೋಕಲ್ ರೈಲಿನಿಂದ ಇಳಿದು ಮೆಟ್ಟಿಲು ಹತ್ತಿ ಬಂದೊಡನೆ ಅಳೆಯಿಸಬಾರದು. ಅದಕ್ಕೆ ಮುಂಚಿನ ಅರ್ಧ ಗಂಟೆ ಕಾಫಿಯೂ ಬೇಡ. ಐದು ನಿಮಿಷ ಬೆನ್ನು ಒರಗಿಸಿ, ಪಾದ ನೆಲಕ್ಕೂರಿ, ತೋಳನ್ನು ಎದೆಯ ಮಟ್ಟದಲ್ಲಿಟ್ಟು, ಮಾತಾಡದೆ ಕುಳಿತು ಎರಡು ಸಲ ಅಳೆಯಿಸಬೇಕು.

ಇನ್ನು ಅಡಿಗೆಮನೆಯ ಲೆಕ್ಕ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಹೆಚ್ಚೆಂದರೆ ಒಂದು ಚಹಾ ಚಮಚೆ. ನಾಲ್ವರು ದೊಡ್ಡವರಿರುವ ಮನೆಗೆ ತಿಂಗಳಿಗೆ 600 ಗ್ರಾಂ. ಒಂದು ಕಿಲೋ ಪೊಟ್ಟಣ 50 ದಿನ ಬರಬೇಕು. ನಮ್ಮ ಮನೆಯಲ್ಲಿ ನೋಡಿದೆವು: 31ನೆಯ ದಿನಕ್ಕೆ ಡಬ್ಬಿ ಬರಿದು! ಊರಿನಿಂದ ಬರುವ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ, ಇಲ್ಲಿನ ವಡಾ ಪಾವ್, ಫರಸಾಣಗಳ ಉಪ್ಪು ಈ ಲೆಕ್ಕಕ್ಕೆ ಸೇರಿಯೇ ಇಲ್ಲ. ಊರಿನ ಭರಣಿಯನ್ನು ಬಿಸಾಡಿರೆಂದು ನಾವು ಹೇಳುತ್ತಿಲ್ಲ. ಅದರಲ್ಲಿ ತಾಯಿಯ ಕೈಯಿದೆ. ಹೋಳು ಚಿಕ್ಕದಾಗಲಿ, ಹಪ್ಪಳ ಹಬ್ಬಕ್ಕಿರಲಿ. ಸೈಂಧವ ಲವಣಕ್ಕೆ ದೋಷವಿಲ್ಲವೆಂಬುದನ್ನು ನಂಬಬೇಡಿ. ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ.

ಹಾಗಾದರೆ ನಾಡಮದ್ದೆಲ್ಲ ಸುಳ್ಳೆ? ಅಲ್ಲ. ಸರ್ಪಗಂಧದ ಬೇರನ್ನು ರಕ್ತದೊತ್ತಡದ ರೋಗಿಗಳಿಗೆ ಕೊಟ್ಟು, ಫಲವನ್ನು ಅಳೆದು, 1949ರಲ್ಲಿ ಬ್ರಿಟನ್ನಿನ ವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದವರು ಈ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲರು. ಜಗತ್ತೇ ಆ ಬೇರಿನತ್ತ ತಿರುಗಿತು. ಮುಂದೆ ಅದರ ಮದ್ದಿನಿಂದ ಕೆಲವರಿಗೆ ಮನಸ್ಸಿನ ಖಿನ್ನತೆ ಬರುವುದೂ ಕಂಡಿತು. ಬೇರೆ ಮದ್ದುಗಳು ಬಂದವು, ಅದು ಹಿಂದೆ ಸರಿಯಿತು. ಗುಣ ತಿಳಿದದ್ದೂ ಪರೀಕ್ಷೆಯಿಂದ, ದೋಷ ತಿಳಿದದ್ದೂ ಪರೀಕ್ಷೆಯಿಂದ. ಆದ್ದರಿಂದ ನೆರೆಮನೆಯವರು ಹೇಳಲಿ, ವಾಟ್ಸಾಪಿನಲ್ಲಿ ಬರಲಿ, ನಮ್ಮಂಥ ಬಿ.ಕಾಂ. ಹೇಳಲಿ, ‘ಎಷ್ಟು ಜನರಲ್ಲಿ ಪರೀಕ್ಷಿಸಿದ್ದಾರೆ? ಕೇಡೇನು?’ ಎಂದು ಕೇಳಿರಿ. ವೈದ್ಯರನ್ನೂ ಸಂಕೋಚವಿಲ್ಲದೆ ಕೇಳಿರಿ: ‘ನನ್ನ ಅಂಕಿ ಎಷ್ಟು? ಎಷ್ಟಕ್ಕೆ ಇಳಿಯಬೇಕು? ಗುಳಿಗೆ ಬಿಟ್ಟರೆ ಏನಾಗುತ್ತದೆ?’ ಈ ಮೂರನೆಯ ಪ್ರಶ್ನೆಯನ್ನು ಅಂದು ನಾವು ಕೇಳಲಿಲ್ಲ.

ಕೊನೆಗೊಂದು ಅರಿಕೆ. ರಾಜ್ಯೋತ್ಸವದ ಈ ತಿಂಗಳಲ್ಲಿ ಸಂಘದ ವಾಚನಾಲಯದಲ್ಲಿ ರಕ್ತದೊತ್ತಡ ಅಳೆಯುವ ಒಂದು ಯಂತ್ರವನ್ನಿಡೋಣ. ನಮ್ಮ ವಂತಿಗೆಯನ್ನು ಕಾರ್ಯದರ್ಶಿಗಳಿಗೆ ಇಂದೇ ಒಪ್ಪಿಸುತ್ತೇವೆ. ಮನೆಯಲ್ಲಿ ದೊಡ್ಡಪ್ಪನವರು ಈಗ ಬೆಳಿಗ್ಗೆ ತಮ್ಮ ಅಂಕಿಗಳನ್ನು ಎಡಗೈಯಿಂದಲೇ ಪುಸ್ತಕದಲ್ಲಿ ಬರೆಯುತ್ತಾರೆ. ಅಕ್ಷರ ಸೊಟ್ಟ, ಲೆಕ್ಕ ನೆಟ್ಟಗೆ. ನಾವು ದಿನವೂ ನೋಡಿ ರುಜು ಹಾಕುತ್ತೇವೆ.