ಮನಸ್ಸಿನ ಬೇನೆಯೂ ದುಡಿಯುವವರ ಪ್ರಶ್ನೆಯೇ

(ವಿಜಯಪುರದಲ್ಲಿ ಪಕ್ಷದ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಕಡೆ ಒಬ್ಬನ ಮಾತು ಹದ ತಪ್ಪಿತೆಂದರೆ ‘ಇವನನ್ನು ಧಾರವಾಡಕ್ಕೆ ಕಳಿಸಬೇಕು’ ಎಂದು ನಗುತ್ತೇವೆ. ನಾನೂ ನಕ್ಕವನೇ. ಧಾರವಾಡದಲ್ಲಿ 1845ರಷ್ಟು ಹಿಂದೆಯೇ ಮಾನಸಿಕ ರೋಗಿಗಳ ಆಸ್ಪತ್ರೆಯಾಯಿತು. ಅದೇ ಬೆಳೆದು ಇಂದು ಡಿಮ್ಹಾನ್ಸ್ ಸಂಸ್ಥೆಯಾಗಿದೆ. ಅಲ್ಲಿಂದ ಗುಣಹೊಂದಿ ಬಂದವರು ಎಷ್ಟೋ ಜನ. ನಮ್ಮ ನಗೆ ಮಾತ್ರ ಹಾಗೆಯೇ ಉಳಿದಿದೆ. ಈ ನಗೆಗೆ ಅಂಜಿಯೇ ನಗರದ ಓಣಿಗಳಲ್ಲಿ, ತಿಕೋಟಾ, ಬಬಲೇಶ್ವರದ ಹಳ್ಳಿಗಳಲ್ಲಿ ಬೇನೆಯನ್ನು ಮುಚ್ಚಿಡುತ್ತಾರೆ. ತಾಯತ, ಹರಕೆ ಎಲ್ಲ ಮುಗಿದು ಸಾಲವೂ ಬೆಳೆದ ಮೇಲೆ ದವಾಖಾನೆಯ ಮೆಟ್ಟಿಲು ಹತ್ತುತ್ತಾರೆ.

ಶೋಷಣೆ ಅಳಿದರೆ ಈ ಬೇನೆಯೂ ಅಳಿಯುವುದೆಂದು ನಮ್ಮ ಕೆಲವು ಸಂಗಾತಿಗಳು ಹೇಳುತ್ತಾರೆ. ನಾನು ಇದನ್ನು ಒಪ್ಪಲಾರೆ. ಶ್ರೀಮಂತನ ಮನೆಯಲ್ಲಿಯೂ ಚಿತ್ತ ಕೆಡುತ್ತದೆ. ಆದರೆ ಅಕಾಲದ ಮಳೆಗೆ ದ್ರಾಕ್ಷಿ ಕಳೆದುಕೊಂಡು ಬಡ್ಡಿ ಎಣಿಸುವವನಿಗೆ, ಮಕ್ಕಳನ್ನು ಬಿಟ್ಟು ಗೋವೆಗೆ ಗುಳೆ ಹೋದವಳಿಗೆ ನಿದ್ದೆ ಎಲ್ಲಿಂದ ಬರಬೇಕು? ಬಡತನ ಬೇನೆಯನ್ನು ಹೆಚ್ಚಿಸುತ್ತದೆ, ಬೇನೆ ಕೂಲಿಯನ್ನು ಕಸಿದು ಮತ್ತೆ ಬಡತನಕ್ಕೆ ನೂಕುತ್ತದೆ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ನೂರಕ್ಕೆ ಹತ್ತು ಮಿಕ್ಕಿ ವಯಸ್ಕರಲ್ಲಿ ಮಾನಸಿಕ ತೊಂದರೆ ಕಂಡಿತು. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ತಲುಪಿರಲಿಲ್ಲ.

ದೊಡ್ಡ ಆಸ್ಪತ್ರೆ ಇಲ್ಲದೆ ಏನೂ ಆಗದೆಂಬುದು ಸುಳ್ಳು. 1985ರಲ್ಲಿ ನಿಮ್ಹಾನ್ಸಿನವರು ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಹಳ್ಳಿಯ ಹತ್ತಿರವೇ ಚಿಕಿತ್ಸೆ ದೊರೆಯುವಂತೆ ಮಾಡಿದರು. 1996ರಲ್ಲಿ ಕೇಂದ್ರ ಸರಕಾರ ಅದನ್ನೇ ಮಾದರಿಯಾಗಿಟ್ಟುಕೊಂಡು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿತು. ಅಂದಮೇಲೆ ತಿಕೋಟಾದವನೂ ಬಬಲೇಶ್ವರದವಳೂ ತಮ್ಮ ತಾಲೂಕಿನಲ್ಲಿಯೇ ಮಾತ್ರೆ ಕೇಳುವುದು ಅತಿಯಾಸೆಯಲ್ಲ. ಈ ಮಾತ್ರೆ ಒಂದು ತಿಂಗಳು ಸಿಕ್ಕು ಮರುತಿಂಗಳು ತಪ್ಪಿದರೆ ಬೇನೆ ಮರಳುತ್ತದೆ. ಬಸ್ಸಿನ ಖರ್ಚು ಒಂದು ಕಡೆ ಇರಲಿ, ಆ ದಿನದ ಕೂಲಿಯನ್ನು ಯಾರು ಕೊಡುತ್ತಾರೆ?

ಕಾನೂನು ನಮ್ಮ ಪರವಾಗಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯ 18ನೆಯ ಕಲಮು ಸರಕಾರ ನಡೆಸುವ ಸೇವೆಯನ್ನು ಹಕ್ಕೆಂದು ಹೇಳಿದೆ, ದಾನವೆಂದಲ್ಲ. ಜೀವ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ತಿಳಿಯಬೇಕೆಂದು 115ನೆಯ ಕಲಮು ಹೇಳುತ್ತದೆ. ಆದರೂ ಪೋಲೀಸರಿಗೆ ಅಂಜಿ ಇಂಥವರನ್ನು ಆಸ್ಪತ್ರೆಗೆ ಒಯ್ಯಲು ತಡಮಾಡುವುದುಂಟು. ಈ ಅಂಜಿಕೆಯನ್ನು ನಾವು ಮನೆಮನೆಗೆ ಹೋಗಿ ಬಿಡಿಸಬೇಕು.

ಇನ್ನೊಂದು ಮಾತು, ರೈತರಿಗೆ. ಬೆಳೆಗೆ ಹೊಡೆಯುವ ಔಷಧವನ್ನು ಮಲಗುವ ಮನೆಯಲ್ಲಿಡಬೇಡಿರಿ, ಬೀಗ ಹಾಕಿಡಿರಿ. ಶ್ರೀಲಂಕೆಯಲ್ಲಿ ಅತಿ ವಿಷದ ಕೀಟನಾಶಕಗಳನ್ನು ನಿಷೇಧಿಸಿದ ಮೇಲೆ ಆತ್ಮಹತ್ಯೆಗಳು ಬಹಳ ಇಳಿದವು. ದುಡುಕಿನ ಆ ಒಂದು ಗಳಿಗೆ ದಾಟಿದರೆ ಮನುಷ್ಯ ಬದುಕುತ್ತಾನೆ.

2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ ನಂಬರು 14416. ಹಗಲು ರಾತ್ರಿ, ಪುಕ್ಕಟೆಯಾಗಿ, ಕನ್ನಡದಲ್ಲಿಯೇ ಮಾತಾಡಬಹುದು. ಇದನ್ನು ಪ್ರತಿಯೊಂದು ಶಾಖೆಯ ಗೋಡೆಯ ಮೇಲೆ ಬರೆಯಿರಿ. ಫೋನಿಲ್ಲದವರಿಗೆ ನಿಮ್ಮ ಫೋನು ಹಚ್ಚಿಕೊಟ್ಟು, ಅವರು ಮಾತಾಡುವಷ್ಟು ಹೊತ್ತು ದೂರ ಹೋಗಿ ನಿಲ್ಲಿರಿ.